ಮೇಕೆ ಹಾಲು, ಮನೆಯ ಬೆಣ್ಣೆ



ನಿಮ್ಮ ಕಲಿಕಾ ಕೇಂದ್ರಕ್ಕೆ ನಮ್ಮನ್ನು ಕರೆದಿದ್ದೀರಿ. ಬಹಳ ಸಂತೋಷ. ನಾವು ಭಾಷಣ ಮಾಡುವವರಲ್ಲ. ನಿಮ್ಮ ಹಾಗೆಯೇ ಕೂಲಿಗೆ ಹೋಗುವವರು. ರಾಗಿ ಹೊಲದಲ್ಲಿ ಕಳೆ ಕೀಳುವವರು. ತುಮಕೂರು ಸೀಮೆಯ ಒಂದು ಸಣ್ಣ ಹಳ್ಳಿಯ ಎಂಟು ಮನೆಯ ಹೆಂಗಸರು ನಾವು. ನಮ್ಮಲ್ಲಿ ಐದು ಜನ ನಿಮ್ಮ ಹಾಗೆ ದೊಡ್ಡವರಾದ ಮೇಲೆಯೇ ಅಕ್ಷರ ಕಲಿತವರು.

ಮೇಕೆ ಸಾಕಿ, ಅದರ ಹಾಲಿನಿಂದ ನಾವೇ ಬೆಣ್ಣೆ ತೆಗೆಯುತ್ತೇವೆ. ಅದನ್ನು ಹೇಗೆ ಮಾಡ್ತೀವಿ ಅಂತ ಇವತ್ತು ಹೇಳುತ್ತೇವೆ. ಎಲ್ಲಿ ಎಡವಿದೆವು ಅನ್ನೋದನ್ನೂ ಮುಚ್ಚಿಡೋದಿಲ್ಲ.

ಬೆಣ್ಣೆ ಎಲ್ಲಿ ಹೋಯಿತು?

ನಮ್ಮ ಅಜ್ಜಿಯರ ಕಾಲದಲ್ಲಿ ಬೆಳಗಾದರೆ ಕಡಗೋಲಿನ ಸದ್ದು ಕೇಳುತ್ತಿತ್ತು. ಬಿಸಿ ರೊಟ್ಟಿ ಮೇಲೆ ಒಂದು ಉಂಡೆ ಬೆಣ್ಣೆ ಬೀಳುತ್ತಿತ್ತು. ಆಮೇಲೆ ಏನಾಯಿತು? ಹಸು ಇದ್ದವರು ಹಾಲನ್ನು ಡೈರಿಗೆ ಹಾಕಿದರು. ಕೈಗೆ ನಾಲ್ಕು ಕಾಸು ಬಂತು. ಅದು ಒಳ್ಳೆಯದೇ. ಆದರೆ ಮನೆಯ ಮಕ್ಕಳಿಗೆ ಹಾಲು ಉಳಿಯಲಿಲ್ಲ. ಕಡಗೋಲು ಅಟ್ಟಕ್ಕೆ ಹೋಯಿತು. ಹಸು ಇಲ್ಲದ ನಮ್ಮಂಥವರ ಮನೆಯಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಬೆಣ್ಣೆ ಅಂದರೆ ಬರೀ ಬಾಯಿ ರುಚಿ ಅಂತ ತಿಳಿಯಬೇಡಿ. ಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ, ಪಪ್ಪಾಯಿಯಲ್ಲಿ ಕಣ್ಣಿಗೆ ಬೇಕಾದ ಸತ್ವ ಇದೆ. ಅದನ್ನು ತಿಂದರೆ ನಮ್ಮ ಮೈಯಲ್ಲಿ ಎ ಜೀವಸತ್ವ ಆಗುತ್ತದೆ. ಊಟದಲ್ಲಿ ಸ್ವಲ್ಪ ಜಿಡ್ಡು ಇದ್ದರೆ ಮಾತ್ರ ಆ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಬರೀ ಮುದ್ದೆ, ನೀರು ಸಾರು ತಿನ್ನುವ ಮಗುವಿಗೆ ಆ ಜಿಡ್ಡು ಎಲ್ಲಿಂದ ಬರಬೇಕು?

ಹಸು ಯಾಕೆ ಬೇಡ, ಮೇಕೆ ಯಾಕೆ?

ಹಸು ಬೇಡ ಅಂತ ಅಲ್ಲ. ಹಸು ಕೊಳ್ಳೋಕೆ ದೊಡ್ಡ ಹಣ ಬೇಕು. ಅದಕ್ಕೆ ಮೇವು, ನೀರು, ಕೊಟ್ಟಿಗೆ ಬೇಕು. ಸಾಲ ಮಾಡಿ ತಂದ ಹಸು ಸತ್ತರೆ ಮನೆಯೇ ಕೂರುತ್ತದೆ. ಮೇಕೆ ಹಾಗಲ್ಲ. ಒಂದು ಹಸು ತಿನ್ನುವ ಮೇವಿನಲ್ಲಿ ಐದಾರು ಮೇಕೆ ಬದುಕುತ್ತವೆ. ಐದು ತಿಂಗಳಿಗೆ ಮರಿ ಹಾಕುತ್ತದೆ. ಎಷ್ಟೋ ಸಲ ಅವಳಿ ಮರಿ. ಒಂಟಿ ಹೆಂಗಸು ಕೂಡ ಹಿಡಿದು ಕಟ್ಟಬಹುದು, ಹಾಲು ಕರೆಯಬಹುದು. ಅದಕ್ಕೇ ಮೇಕೆಯನ್ನು ಬಡವರ ಹಸು ಅಂತಾರೆ. ನಮ್ಮ ದೇಶದಲ್ಲಿ 2019ರ ಜಾನುವಾರು ಗಣತಿಯಲ್ಲಿ ಸುಮಾರು 14 ಕೋಟಿ 89 ಲಕ್ಷ ಮೇಕೆಗಳಿದ್ದವು. ಅವುಗಳ ಹಿಂದೆ ಓಡಾಡುವವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಇದು ನಿಮಗೇ ಗೊತ್ತು.

ಗಾಂಧೀಜಿ ಮೇಕೆ ಹಾಲು ಕುಡಿಯುತ್ತಿದ್ದರು ಅಂತ ಕೇಳಿದ್ದೀರಿ. ಅದನ್ನು ಸೂಚಿಸಿದವರು ಯಾರು ಗೊತ್ತೇ? ಕಸ್ತೂರಬಾ. ಗಾಂಧೀಜಿ ಹಾಲು ಕುಡಿಯುವುದಿಲ್ಲ ಅಂತ ವ್ರತ ತೊಟ್ಟಿದ್ದರು. 1918ರಲ್ಲಿ ಭೇದಿಯಾಗಿ ಬಹಳ ನಿತ್ರಾಣರಾದರು. ಹಾಲು ಕುಡಿಯದೆ ಮೈಗೆ ಬಲ ಬರೋದಿಲ್ಲ ಅಂದರು ಡಾಕ್ಟರು. ಗಾಂಧೀಜಿ ಒಪ್ಪಲಿಲ್ಲ. ಆಗ ಪಕ್ಕದಲ್ಲಿದ್ದ ಕಸ್ತೂರಬಾ, ಹಾಗಾದರೆ ಮೇಕೆ ಹಾಲಿಗೆ ಅಡ್ಡಿ ಇಲ್ಲವಲ್ಲ ಅಂತ ದಾರಿ ತೋರಿಸಿದರು. ವ್ರತ ತೊಡುವಾಗ ಗಾಂಧೀಜಿ ಮನಸ್ಸಿನಲ್ಲಿ ಹಸು, ಎಮ್ಮೆ ಮಾತ್ರ ಇದ್ದವು. ಅವರು ಮೇಕೆ ಹಾಲು ಕುಡಿದು ಚೇತರಿಸಿಕೊಂಡರು. ವ್ರತದ ಮಾತು ಉಳಿಯಿತು, ಆದರೆ ಅದರ ಮನಸ್ಸು ಮುರಿಯಿತು ಅಂತ ಅವರೇ ಆಮೇಲೆ ನೊಂದು ಬರೆದಿದ್ದಾರೆ. ಮನೆ ನಡೆಸುವ ಹೆಂಗಸಿನ ಬುದ್ಧಿ ಹೇಗೆ ಓಡುತ್ತದೆ ನೋಡಿ!

ಎಂಥ ಮೇಕೆ ತರಬೇಕು?

ನಮ್ಮ ಕಡೆ ನಂದಿದುರ್ಗ ತಳಿಯ ಮೇಕೆ ಇದೆ. ಬೀದರ್ ಕಡೆ ಬೀದ್ರಿ, ಉಸ್ಮಾನಾಬಾದಿ ತಳಿಗಳಿವೆ. ಇವು ನಮ್ಮ ಬಿಸಿಲಿಗೆ, ನಮ್ಮ ಮೇವಿಗೆ ಒಗ್ಗಿದ ತಳಿಗಳು. ಇವನ್ನು ಹೆಚ್ಚಾಗಿ ಮಾಂಸಕ್ಕೆ ಅಂತ ಸಾಕುತ್ತಾರೆ. ಹಾಲು ಕಡಿಮೆ. ಉತ್ತರ ಪ್ರದೇಶದ ಜಮುನಾಪಾರಿ, ಪಂಜಾಬಿನ ಬೀಟಲ್ ದೊಡ್ಡ ಮೇಕೆಗಳು. ಅವು ಚೆನ್ನಾಗಿ ತಿಂದರೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಹಾಲು ಕೊಡುತ್ತವೆ. ಆದರೆ ಬೆಲೆ ಜಾಸ್ತಿ. ತಿನ್ನೋದೂ ಜಾಸ್ತಿ. ಮೊದಲ ಸಲ ಸಾಕುವವರು ಊರ ಮೇಕೆಯಿಂದಲೇ ಶುರು ಮಾಡಿ. ಇದು ನಮ್ಮ ಮಾತು.

ಸಂತೆಯಲ್ಲಿ ಕಣ್ಣು ಮುಚ್ಚಿ ಕೊಳ್ಳಬೇಡಿ. ಆದರೆ ಮನೆಯಲ್ಲಿ ಕಟ್ಟಿದ್ದನ್ನೇ ನೋಡಿ ತನ್ನಿ. ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತ ಕೇಳಿ. ಕೆಚ್ಚಲು ಮುಟ್ಟಿ ನೋಡಿ. ಮೆತ್ತಗಿರಬೇಕು. ಗಂಟು ಇರಬಾರದು. ಎರಡು ಮೊಲೆಯಲ್ಲೂ ಹಾಲು ಬರಬೇಕು. ಕರೆದ ಮೇಲೆ ಕೆಚ್ಚಲು ಸೊರಗಬೇಕು. ಕರೆದ ಮೇಲೂ ಗಟ್ಟಿಯಾಗೇ ಇದ್ದರೆ ಅದು ಮಾಂಸ, ಹಾಲಲ್ಲ.

ಮನೆಗೆ ಎರಡು ಮೇಕೆ ಇದ್ದರೆ ಒಳ್ಳೆಯದು. ಎರಡೂ ಒಟ್ಟಿಗೆ ಗಬ್ಬ ಆಗದ ಹಾಗೆ ನೋಡಿಕೊಳ್ಳಿ. ಒಂದು ಹಾಲು ಕೊಡುವಾಗ ಇನ್ನೊಂದು ಗಬ್ಬ ಇರಲಿ. ಮೇಕೆ ಸುಮಾರು 21 ದಿನಕ್ಕೆ ಒಮ್ಮೆ ಬೆದೆಗೆ ಬರುತ್ತದೆ. ಬಾಲ ಅಲ್ಲಾಡಿಸುತ್ತದೆ, ಸುಮ್ಮನೆ ಕೂಗುತ್ತದೆ. ಹೋತಕ್ಕೆ ಬಿಟ್ಟ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ 150 ದಿನ ಎಣಿಸಿ. ಮರಿ ಹಾಕುವ ದಿನ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಆ ದಿನ ಕೂಲಿಗೆ ಹೋಗದೆ ಮನೆಯಲ್ಲಿ ಇರಬಹುದು.

ಆಡು ಮುಟ್ಟದ ಸೊಪ್ಪಿಲ್ಲ, ಆದರೂ...

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ. ನಿಜ. ಆದರೆ ಮುಟ್ಟಿದ್ದೆಲ್ಲ ಹಾಲಾಗುವುದಿಲ್ಲ. ಕೆಲವು ವಿಷವೂ ಆಗುತ್ತವೆ. ಎಳೆ ಜೋಳದ ಪೈರು, ಮಳೆ ಇಲ್ಲದೆ ಬಾಡಿದ ಜೋಳದ ಪೈರು ತಿಂದರೆ ಮೇಕೆ ನಿಂತಲ್ಲೇ ಬಿದ್ದು ಸಾಯಬಹುದು. ನಮ್ಮಲ್ಲಿ ಒಬ್ಬಾಕೆಯ ಮೇಕೆ ಹಾಗೇ ಹೋಯಿತು. ರಾಶಿ ಮಾಡಿದ ಕಣಕ್ಕೆ ನುಗ್ಗಿ ಕಾಳು ತಿಂದರೆ ಹೊಟ್ಟೆ ಉಬ್ಬರ ಬರುತ್ತದೆ. ಕಣ ಮಾಡುವ ಕಾಲದಲ್ಲಿ ಮೇಕೆ ಕಟ್ಟಿಯೇ ಇರಲಿ.

ಬದುವಿನ ಮೇಲೆ ಅಗಸೆ, ನುಗ್ಗೆ, ಗೊಬ್ಬರದ ಗಿಡ, ಸೂಬಾಬುಲ್ ಹಾಕಿ. ಸೂಬಾಬುಲ್ ಒಂದನ್ನೇ ಹಾಕಬೇಡಿ. ಮೂರು ಪಾಲು ಮೇವಿನಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಹಲಸಿನ ಎಲೆ, ಜಾಲಿ ಕಾಯಿ, ತೊಗರಿ ಹೊಟ್ಟು, ಕಡಲೆಕಾಯಿ ಬಳ್ಳಿ ಎಲ್ಲ ಆಗುತ್ತದೆ. ಸೊಪ್ಪನ್ನು ನೆಲಕ್ಕೆ ಹಾಕಬೇಡಿ. ತುಳಿದ ಸೊಪ್ಪನ್ನು ಮೇಕೆ ಮೂಸೋದಿಲ್ಲ. ಕಟ್ಟು ಮಾಡಿ ಅದರ ಬಾಯಿ ಎತ್ತರಕ್ಕೆ ನೇತು ಹಾಕಿ.

ಹಾಲು ಕೊಡುವ ಮೇಕೆಗೆ ಸೊಪ್ಪಿನ ಜೊತೆ ದಿನಕ್ಕೆ ಕಾಲು ಕೆ.ಜಿ.ಯಷ್ಟು ತಿಂಡಿ ಬೇಕು. ಬೂಸಾ, ಕಡಲೆಕಾಯಿ ಹಿಂಡಿ, ನುಚ್ಚು ಮೆಕ್ಕೆಜೋಳ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕೊಡಿ. ಬೇಕಾದಷ್ಟು ಶುದ್ಧ ನೀರು ಇಡಿ. ನೀರು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ.

ಮೇಕೆಗೆ ಚಳಿಗಿಂತ ತೇವದ ಭಯ ಹೆಚ್ಚು. ರೊಪ್ಪದಲ್ಲಿ ನೀರು ನಿಲ್ಲಬಾರದು. ಒಂದು ಮೇಕೆಗೆ 10ರಿಂದ 15 ಚದರ ಅಡಿ ಜಾಗ ಸಾಕು. ನಾವು ಹಳೆ ಬಿದಿರಿನಲ್ಲಿ ನೆಲದಿಂದ ಎತ್ತರಕ್ಕೆ ಅಟ್ಟಣೆ ಮಾಡಿದ್ದೇವೆ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ. ಮೇಕೆ ಮೈ ಒಣಗಿರುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತದೆ.

ಮೊದಲು ಮರಿ, ಆಮೇಲೆ ಮಗು, ಆಮೇಲೆ ಬೆಣ್ಣೆ

ಈ ಮಾತನ್ನು ನಾವು ರೊಪ್ಪದ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದೇವೆ. ನೀವೂ ಬರೆಯಿರಿ.

ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಅದರಲ್ಲಿ ರೋಗ ತಡೆಯುವ ಶಕ್ತಿ ಇದೆ. ಗಿಣ್ಣು ಮಾಡಿ ತಿನ್ನುವ ಆಸೆ ಯಾರಿಗಿಲ್ಲ? ಆದರೆ ಮರಿ ಹೊಟ್ಟೆ ತುಂಬಿದ ಮೇಲೆ ಉಳಿದರೆ ಮಾತ್ರ. ಮೊದಲ ಮೂರು ವಾರ ಹಾಲೆಲ್ಲ ಮರಿಗೇ ಬಿಡಿ. ಆಮೇಲೆ ರಾತ್ರಿ ಹೊತ್ತು ಮರಿಯನ್ನು ಬೇರೆ ಮುಚ್ಚಿ. ಬೆಳಿಗ್ಗೆ ಕರೆದ ಹಾಲು ಮನೆಗೆ. ಹಗಲೆಲ್ಲ ತಾಯಿ ಜೊತೆ ಮರಿ ಇರುತ್ತದೆ. ಆಗ ಕುಡಿದದ್ದು ಮರಿಗೆ. ಹೀಗೆ ಮಾಡಿದರೆ ನಮ್ಮ ಊರ ಮೇಕೆಯಿಂದ ಬೆಳಿಗ್ಗೆ ಅರ್ಧ ಲೀಟರ್ ಸಿಗುತ್ತದೆ. ಹೀಗೆ ಮೂರು ತಿಂಗಳಷ್ಟು ಕರೆಯಬಹುದು.

ಇನ್ನೊಂದು ಮುಖ್ಯವಾದ ಮಾತು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿ ಹಾಲು ಮಾತ್ರ. ಮೇಕೆ ಹಾಲು ತಾಯಿ ಹಾಲಿಗೆ ಬದಲಿ ಅಲ್ಲ. ಕೂಸಿನ ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲ ಅದರಲ್ಲಿ ಬಹಳ ಕಡಿಮೆ. ವರ್ಷ ತುಂಬಿದ ಮಕ್ಕಳಿಗೆ ಕಾಯಿಸಿ ಆರಿಸಿದ ಮೇಕೆ ಹಾಲು ಕುಡಿಸಬಹುದು.

ವಾಸನೆ ಬರುತ್ತೆ ಅಂತೀರಾ?

ಮೇಕೆ ಹಾಲು ವಾಸನೆ, ಬೆಣ್ಣೆಯೂ ವಾಸನೆ ಅಂತ ಬಹಳ ಜನ ಮೂಗು ಮುರಿಯುತ್ತಾರೆ. ಆ ವಾಸನೆ ಬಹುಪಾಲು ನಮ್ಮ ಅಜಾಗ್ರತೆಯಿಂದ ಬರುವುದು. ಹೋತದ ಮೈ ವಾಸನೆ ಹಾಲಿಗೆ ಹತ್ತುತ್ತದೆ. ಹೋತವನ್ನು ದೂರ ಕಟ್ಟಿ. ರೊಪ್ಪದ ಹೊರಗೆ, ಒಣ ಜಾಗದಲ್ಲಿ ಕರೆಯಿರಿ. ಕೈ ಸೋಪು ಹಚ್ಚಿ ತೊಳೆಯಿರಿ. ಕೆಚ್ಚಲನ್ನು ಉಗುರು ಬೆಚ್ಚಗಿನ ನೀರಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ. ಮೊದಲ ಎರಡು ಧಾರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಹಾಲು ಒಡೆದ ಹಾಗೆ, ಗಂಟು ಗಂಟಾಗಿ ಬಂದರೆ ಅದು ಕೆಚ್ಚಲು ಬಾವು. ಆ ಹಾಲು ಬಳಸಬೇಡಿ, ಪಶುವೈದ್ಯರಿಗೆ ತೋರಿಸಿ.

ಕರೆದ ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ಕೂಡಲೇ ಕಾಯಿಸಿ. ಹಸಿ ಹಾಲು ಕುಡಿಯಬೇಡಿ. ಹಸಿ ಹಾಲಿನಿಂದ ಬೆಣ್ಣೆ ತೆಗೆಯಲೂ ಬೇಡಿ. ಕಂದು ಹಾಕುವ ರೋಗ ಇರುವ ಮೇಕೆಯ ಹಸಿ ಹಾಲಿನಿಂದ ಮನುಷ್ಯರಿಗೂ ಆ ರೋಗ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ಹಾಲು ಕಾದು ಉಕ್ಕಿದರೆ ಆ ಭಯ ಇಲ್ಲ.

ಬೆಣ್ಣೆ ತೆಗೆಯುವುದು ಹೇಗೆ?

ನಾವು ಮೊದಲು ಹಸುವಿನ ಹಾಲಿನ ಹಾಗೆ ಕೆನೆ ಕೂಡಿಡಲು ನೋಡಿದೆವು. ಕೆನೆ ಬರಲೇ ಇಲ್ಲ. ಈ ಹಾಲಲ್ಲಿ ಜಿಡ್ಡೇ ಇಲ್ಲ ಅಂತ ಬೇಜಾರಾಯಿತು. ಆಮೇಲೆ ತಿಳಿಯಿತು. ಮೇಕೆ ಹಾಲಿನ ಜಿಡ್ಡಿನ ಕಣ ಬಹಳ ಸಣ್ಣವು. ಅವು ಬೇಗ ಮೇಲೆ ತೇಲಿ ಬರುವುದಿಲ್ಲ. ಹಾಲಿನಲ್ಲೇ ಬೆರೆತು ಇರುತ್ತವೆ. ಆದ್ದರಿಂದ ಕೆನೆ ತೆಗೆಯುವ ದಾರಿ ಬಿಟ್ಟುಬಿಡಿ. ಇಡೀ ಹಾಲಿಗೆ ಹೆಪ್ಪು ಹಾಕಿ, ಮೊಸರು ಕಡೆಯಿರಿ. ಇದು ನಮ್ಮ ಅಜ್ಜಿಯರ ದಾರಿ. ಮೇಕೆ ಹಾಲಿಗೆ ಇದೇ ಸರಿ.

ಮಾಡುವ ಕ್ರಮ ಹೀಗೆ.

ಒಂದು. ಹಾಲು ಕಾಯಿಸಿ, ಉಗುರು ಬೆಚ್ಚಗೆ ಆಗುವವರೆಗೆ ಆರಿಸಿ.

ಎರಡು. ಒಂದು ಲೀಟರಿಗೆ ಒಂದು ಚಮಚ ಮೊಸರು ಹಾಕಿ, ಮುಚ್ಚಿಡಿ. ಮೇಕೆ ಮೊಸರು ಗಟ್ಟಿ ಆಗೋದಿಲ್ಲ, ಸಡಿಲವಾಗಿರುತ್ತದೆ. ಹೆದರಬೇಡಿ.

ಮೂರು. ಬೆಳಗಿನ ಜಾವ, ತಂಪು ಹೊತ್ತಿನಲ್ಲಿ ಕಡೆಯಿರಿ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತಿ. ಬಿಸಿಯಾದರೆ ಬೆಣ್ಣೆ ಕರಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಬಹಳ ಚಳಿ ಇದ್ದರೆ ಮಾತ್ರ ಒಂದು ಲೋಟ ಬೆಚ್ಚಗಿನ ನೀರು ಹಾಕಿ.

ನಾಲ್ಕು. ರವೆಯಂತೆ ಕಾಳು ಕಾಳಾಗಿ ಬೆಣ್ಣೆ ಕಂಡಾಗ ತಣ್ಣೀರು ಚಿಮುಕಿಸಿ. ಆಮೇಲೆ ಮೆಲ್ಲಗೆ ಕಡೆಯಿರಿ. ಕಾಳು ಕೂಡಿಕೊಂಡು ಉಂಡೆಯಾಗುತ್ತದೆ.

ಐದು. ಬೆಣ್ಣೆ ತೆಗೆದು ಎರಡು ಮೂರು ಸಲ ತಣ್ಣೀರಿನಲ್ಲಿ ತೊಳೆಯಿರಿ. ತೊಳೆದ ನೀರು ತಿಳಿಯಾಗಬೇಕು. ಮಜ್ಜಿಗೆ ಉಳಿದ ಬೆಣ್ಣೆ ಬೇಗ ಕೆಡುತ್ತದೆ, ವಾಸನೆ ಬರುತ್ತದೆ.

ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ನೆರಳಲ್ಲಿ ಇಡಿ. ದಿನಾ ನೀರು ಬದಲಿಸಿ. ಎರಡು ಮೂರು ದಿನ ಇರುತ್ತದೆ. ಇನ್ನೂ ಹೆಚ್ಚು ದಿನ ಬೇಕಾದರೆ ಕಾಯಿಸಿ ತುಪ್ಪ ಮಾಡಿ. ಕೊನೆಗೆ ನಾಲ್ಕು ನುಗ್ಗೆ ಸೊಪ್ಪು ಹಾಕಿದರೆ ಘಮಘಮ ಅನ್ನುತ್ತದೆ.

ಮೇಕೆ ಬೆಣ್ಣೆ ಬೆಳ್ಳಗಿರುತ್ತದೆ. ಹಸುವಿನ ಬೆಣ್ಣೆಯ ಹಳದಿ ಬಣ್ಣ ಇರೋದಿಲ್ಲ. ಹಾಗಂತ ಸತ್ವ ಇಲ್ಲ ಅಂತ ಅಲ್ಲ. ಹಸಿರು ಮೇವಿನ ಹಳದಿ ಸತ್ವವನ್ನು ಮೇಕೆ ತನ್ನ ಮೈಯಲ್ಲೇ ಎ ಜೀವಸತ್ವ ಮಾಡಿಬಿಡುತ್ತದೆ. ಬಣ್ಣ ಹೋಯಿತು, ಸತ್ವ ಉಳಿಯಿತು.

ಅರ್ಧ ಲೀಟರ್ ಹಾಲಿಗೆ ಎಷ್ಟು ಬೆಣ್ಣೆ?

ಈಗ ಲೆಕ್ಕಕ್ಕೆ ಬರೋಣ. ಸುಳ್ಳು ಆಸೆ ತೋರಿಸೋದಿಲ್ಲ. 100 ಪಾಲು ಮೇಕೆ ಹಾಲಿನಲ್ಲಿ ಸುಮಾರು 4 ಪಾಲು ಜಿಡ್ಡು ಇರುತ್ತದೆ. ಒಂದು ಲೀಟರ್ ಹಾಲಿನಲ್ಲಿ 40 ಗ್ರಾಂ ಜಿಡ್ಡು. ಕೈಯಲ್ಲಿ ಕಡೆದಾಗ ಸ್ವಲ್ಪ ಮಜ್ಜಿಗೆಯಲ್ಲೇ ಉಳಿಯುತ್ತದೆ. ಬೆಣ್ಣೆಯಲ್ಲಿ ಸ್ವಲ್ಪ ನೀರೂ ಇರುತ್ತದೆ. ಎಲ್ಲ ಕೂಡಿ ಕಳೆದರೆ ಲೀಟರಿಗೆ 40 ಗ್ರಾಂ ಬೆಣ್ಣೆ ಕೈಗೆ ಬರುತ್ತದೆ.

ನಮ್ಮ ಮನೆಗೆ ಸಿಗೋದು ದಿನಕ್ಕೆ ಅರ್ಧ ಲೀಟರ್. ಅದರಲ್ಲಿ ಕಾಲು ಲೀಟರ್ ಮಕ್ಕಳಿಗೆ. ಉಳಿದದ್ದು ಕಾಲು ಲೀಟರ್. ಅಷ್ಟರಿಂದ ಬರೋದು 10 ಗ್ರಾಂ ಬೆಣ್ಣೆ. ಅಷ್ಟು ಮೊಸರಲ್ಲಿ ಕಡಗೋಲೂ ಮುಳುಗೋದಿಲ್ಲ. ನಾಲ್ಕು ದಿನ ಕೂಡಿಟ್ಟರೆ ಬೇಸಿಗೆಯಲ್ಲಿ ಹುಳಿ ಬಂದು ಕೆಡುತ್ತದೆ. ಏನು ಮಾಡೋದು?

ನಮ್ಮಲ್ಲಿ ಒಬ್ಬ ಹಿರಿಯಕ್ಕ ಇದ್ದಾರೆ. ಅವರು ಕೇಳಿದರು, ದುಡ್ಡಿನ ಚೀಟಿ ಹಾಕ್ತೀವಲ್ಲ, ಹಾಲಿನ ಚೀಟಿ ಯಾಕೆ ಹಾಕಬಾರದು? ಎಲ್ಲರೂ ನಕ್ಕೆವು. ಆಮೇಲೆ ಅದನ್ನೇ ಮಾಡಿದೆವು.

ಎಂಟು ಮನೆ. ದಿನಾ ಒಬ್ಬೊಬ್ಬರು ಕಾಲು ಲೀಟರ್ ಹಾಲು ತರುತ್ತೇವೆ. ಎಲ್ಲರಿಗೂ ಒಂದೇ ಅಳತೆಯ ಲೋಟ. ಎಂಟು ಕಾಲು ಸೇರಿದರೆ ಎರಡು ಲೀಟರ್. ಅದೆಲ್ಲ ಆ ದಿನದ ಸರದಿ ಮನೆಗೆ. ಆಕೆ ಕಾಯಿಸಿ, ಹೆಪ್ಪು ಹಾಕಿ, ಮಾರನೆ ಬೆಳಿಗ್ಗೆ ಕಡೆಯುತ್ತಾಳೆ. ಸುಮಾರು 80 ಗ್ರಾಂ ಬೆಣ್ಣೆ. ನಿಂಬೆಹಣ್ಣಿನಷ್ಟು ಎರಡು ಉಂಡೆ. ಕಾಯಿಸಿದರೆ 60 ಗ್ರಾಂ ಹತ್ತಿರ ತುಪ್ಪ. ಮಾರನೆ ದಿನ ಇನ್ನೊಂದು ಮನೆಯ ಸರದಿ. ಎಂಟು ದಿನಕ್ಕೆ ಎಲ್ಲರ ಮನೆಗೂ ಬೆಣ್ಣೆ ಬರುತ್ತದೆ. ಕೊಟ್ಟದ್ದು ಎರಡು ಲೀಟರ್, ತಗೊಂಡದ್ದು ಎರಡು ಲೀಟರ್. ಮಜ್ಜಿಗೆಯನ್ನು ಎಂಟು ಮನೆಗೂ ಹಂಚುತ್ತೇವೆ.

ಎಂಟು ದಿನಕ್ಕೆ ಎರಡು ನಿಂಬೆಹಣ್ಣಿನಷ್ಟು ಬೆಣ್ಣೆ. ಇಷ್ಟೇನಾ ಅಂತ ನೀವು ಕೇಳಬಹುದು. ಇಷ್ಟೇ. ಆದರೆ ಮೊದಲು ಇದೂ ಇರಲಿಲ್ಲ. ಸರದಿ ದಿನ ನಮ್ಮ ಮಕ್ಕಳು ಕರೆಯದೆಯೇ ಏಳುತ್ತಾರೆ. ಕಡಗೋಲು ನಿಲ್ಲಿಸೋ ಮುಂಚೆ ಕೈ ಚಾಚಿ ಕೂತಿರುತ್ತಾರೆ.

ಚೀಟಿ ಮುರಿದ ಕಥೆ

ಈಗ ನಮ್ಮ ತಪ್ಪಿನ ಮಾತು. ಮೊದಲ ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಎರಡನೇ ತಿಂಗಳಲ್ಲಿ ಒಬ್ಬಾಕೆಯ ಮೇಕೆ ಹಾಲು ಕಡಿಮೆ ಮಾಡಿತು. ಆಕೆ ಕೆಲವು ದಿನ ಅರ್ಧ ಲೋಟ ತಂದಳು. ಸರದಿ ದಿನ ಮಾತ್ರ ಪೂರ್ತಿ ಹಾಲು ತಗೊಂಡಳು ಅಂತ ಇನ್ನೊಬ್ಬಾಕೆ ಅಂದಳು. ಮೊದಲು ನಾನು ಎರಡೆರಡು ಲೋಟ ಹಾಕಿಲ್ಲವಾ, ಮರೆತೆಯಾ ಅಂತ ಈಕೆ ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಬಾವಿ ಹತ್ತಿರ ಜಗಳ ಆಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚೀಟಿ ನಿಂತಿತು. ಎಂಟು ಮನೆಯಲ್ಲಿ ಎಂಟು ಲೋಟ ಹಾಲು. ಒಂದು ಮನೆಯಲ್ಲೂ ಬೆಣ್ಣೆ ಇಲ್ಲ.

ಯಾರು ಹೇಳಿದ್ದು ನಿಜ? ಇವತ್ತಿಗೂ ನಮಗೆ ಗೊತ್ತಿಲ್ಲ. ಯಾಕಂದ್ರೆ ಯಾರೂ ಬರೆದಿಟ್ಟಿರಲಿಲ್ಲ. ಬರೆಯೋಕೆ ಬರುತ್ತಿತ್ತು. ಆದರೂ ಬರೆಯಲಿಲ್ಲ. ಕಲಿತ ಅಕ್ಷರ ಪುಸ್ತಕದಲ್ಲೇ ಇತ್ತು, ಬದುಕಿಗೆ ಇಳಿದಿರಲಿಲ್ಲ.

ಹತ್ತು ದಿನ ಆದ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಒಂದು ನೋಟ್ ಪುಸ್ತಕ ತಂದಳು. ಗೆರೆ ಎಳೆದಳು. ಒಂದು ಕಡೆ ಹಾಕಿದ್ದು. ಒಂದು ಕಡೆ ತಗೊಂಡದ್ದು. ಒಬ್ಬೊಬ್ಬರಿಗೆ ಒಂದೊಂದು ಪುಟ. ಹಳೆಯದನ್ನು ಬಿಟ್ಟುಬಿಡೋಣ, ಇವತ್ತಿಂದ ಬರೆಯೋಣ ಅಂದಳು. ಜಗಳ ಆಡಿದ ಇಬ್ಬರೂ ಮೊದಲು ಸಹಿ ಹಾಕಿದರು.

ಈಗ ನಮ್ಮ ಕಟ್ಟುಪಾಡು ಇದು. ಹಾಲು ಹಾಕಿದವಳು ತನ್ನ ಕೈಯಿಂದಲೇ ಬರೆಯಬೇಕು. ಅಕ್ಷರ ಬಾರದವರ ಪುಟವನ್ನು ಅವರ ಎದುರಿಗೇ ಬರೆದು, ಓದಿ ಹೇಳಬೇಕು. ಮೇಕೆ ಬತ್ತಿದ ಮನೆಗೆ ರಜೆ. ಹಾಕುವ ಹಾಗೂ ಇಲ್ಲ, ತಗೊಳ್ಳುವ ಹಾಗೂ ಇಲ್ಲ. ಹೊರಗೆ ಹೋಗುವ ಮುಂಚೆ ಬಾಕಿ ಇದ್ದರೆ ಮುಂದಿನ ಸಲಕ್ಕೆ ಬರೆದುಕೊಳ್ಳುತ್ತೇವೆ. ಕೆಲವು ತಿಂಗಳು ಐದೇ ಮನೆ ಇರುತ್ತವೆ. ಆಗ ಬೆಣ್ಣೆ ಕಡಿಮೆ. ಜಗಳ ಮಾತ್ರ ಇಲ್ಲ.

ಮೇಕೆ ಯಾರದು?

ಪುಸ್ತಕ ಇನ್ನೊಂದು ಉಪಕಾರ ಮಾಡಿತು. ಮುಂಗಾರಿಗೆ ಬೀಜ ಗೊಬ್ಬರಕ್ಕೆ ಹಣ ಬೇಕಿತ್ತು. ನಮ್ಮಲ್ಲಿ ಒಬ್ಬಾಕೆಯ ಯಜಮಾನರು ವ್ಯಾಪಾರಿಯನ್ನು ಮನೆಗೇ ಕರೆತಂದರು. ಹಾಲು ಕೊಡುವ ಮೇಕೆಯನ್ನೇ ತೋರಿಸಿದರು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಒಳಗೆ ಹೋಗಿ ಪುಸ್ತಕ ತಂದು ಓದಿದಳು. ಈ ಮೇಕೆ 90 ದಿನದಲ್ಲಿ ನಮ್ಮ ಮನೆಗೆ 45 ಲೀಟರ್ ಹಾಲು ಕೊಟ್ಟಿದೆ. ಅಂಗಡಿಯಲ್ಲಿ ಕೊಂಡರೆ ಎಷ್ಟು ಆಗುತ್ತಿತ್ತು, ನೀವೇ ಲೆಕ್ಕ ಹಾಕಿ. ಅದರ ಮೇಲೆ ಎರಡು ಮರಿ ಕೊಟ್ಟಿದೆ. ಎರಡೂ ಹೋತ. ಬೆಳೆದಿವೆ. ಮಾರೋದಾದರೆ ಅವನ್ನು ಮಾರೋಣ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೋತಗಳನ್ನು ಹಿಡಿದುಕೊಟ್ಟರು. ತಾಯಿ ಮೇಕೆ ಉಳಿಯಿತು.

ಎಲ್ಲ ಮನೆಯಲ್ಲೂ ಹೀಗೇ ಆಯಿತು ಅಂತ ಹೇಳೋದಿಲ್ಲ. ಇನ್ನೊಬ್ಬ ತಂಗಿ ಕೂಲಿಯಿಂದ ಸಂಜೆ ಮನೆಗೆ ಬಂದಾಗ ಗೂಟ ಖಾಲಿ ಇತ್ತು. ಗಬ್ಬದ ಮೇಕೆ ಸಂತೆಗೆ ಹೋಗಿತ್ತು. ಮೇವು ತಂದವಳು ಅವಳು. ಹಿಕ್ಕೆ ಬಳಿದವಳು ಅವಳು. ಮಾರುವಾಗ ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳ ಪುಟ ಮೂರು ತಿಂಗಳು ಖಾಲಿ ಇತ್ತು. ಆ ಪುಟ ನೋಡಿದಾಗಲೆಲ್ಲ ನಮಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಎಲ್ಲರೂ ಸೇರಿ ಒಂದು ಹೆಣ್ಣು ಮರಿಯನ್ನು ಅವಳಿಗೆ ಪಾಲಿಗೆ ಕೊಟ್ಟೆವು. ಮೇಕೆ ಅವಳ ಹೆಸರಿನಲ್ಲಿ ಪುಸ್ತಕದಲ್ಲಿದೆ. ಅದಕ್ಕೆ ಹುಟ್ಟುವ ಮೊದಲ ಮರಿ ಗುಂಪಿಗೆ. ಆಮೇಲಿನದೆಲ್ಲ ಅವಳದು. ಮಾರಬೇಕಾದರೆ ಎಂಟು ಜನರನ್ನೂ ಕೇಳಬೇಕು. ಈ ಮಾತನ್ನು ಅವಳ ಯಜಮಾನರ ಎದುರಿಗೇ ಓದಿದ್ದೇವೆ. ಅವರೂ ಸಹಿ ಹಾಕಿದ್ದಾರೆ.

ರೋಗ ಬರುವ ಮುಂಚೆ

ಮೇಕೆ ಸತ್ತರೆ ಬೆಣ್ಣೆಯೂ ಇಲ್ಲ, ಮರಿಯೂ ಇಲ್ಲ. ಪಿ.ಪಿ.ಆರ್. ಅನ್ನೋ ರೋಗವನ್ನು ಆಡಿನ ಪ್ಲೇಗು ಅಂತಲೂ ಕರೆಯುತ್ತಾರೆ. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯಿ ಹುಣ್ಣು, ಭೇದಿ. ಒಂದಕ್ಕೆ ಬಂದರೆ ಹಿಂಡಿಗೆಲ್ಲ ಹರಡುತ್ತದೆ. ಮರಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಲಸಿಕೆ ಹಾಕಿಸಿ. ಸುಮಾರು ಮೂರು ವರ್ಷ ಕಾಯುತ್ತದೆ. ಇ.ಟಿ. ಅನ್ನೋ ಕರುಳು ಬೇನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಲಸಿಕೆ ಬೇಕು. ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆಯೂ ಕೇಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಜಂತು ಔಷಧಿ ಕುಡಿಸಿ. ಜಂತು ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಪಶುವೈದ್ಯರನ್ನು ಕೇಳಿ, ಬರೆದುಕೊಳ್ಳಿ.

ಮೇಕೆ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಗಬ್ಬ ಇರುವ ಹೆಂಗಸರಂತೂ ಹತ್ತಿರ ಹೋಗಬೇಡಿ. ಕಂದನ್ನು ಆಳವಾಗಿ ಹೂಳಿ, ಪಶು ಆಸ್ಪತ್ರೆಗೆ ತಿಳಿಸಿ. 1962 ನಂಬರಿಗೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ವಿಚಾರ ಕೇಳಬಹುದು. ಈ ನಾಲ್ಕು ಅಂಕಿಗಳನ್ನು ಈಗಲೇ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಕೊನೆಯ ಮಾತು

ಅಕ್ಕಂದಿರೇ, ಮೇಕೆ ಸಾಕಿ ಶ್ರೀಮಂತರಾಗಿ ಅಂತ ನಾವು ಹೇಳೋಕೆ ಬಂದಿಲ್ಲ. ನಾವು ಆಗಿಲ್ಲ. ನಮ್ಮ ಕೈಯಾರೆ ಸಾಕಿದ್ದರ ಸಾರ ಮೊದಲು ನಮ್ಮ ಮಕ್ಕಳ ತಟ್ಟೆಗೆ ಬೀಳಲಿ, ಇಷ್ಟೇ ನಮ್ಮ ಮಾತು. ಅದಕ್ಕೆ ದೊಡ್ಡ ಹಣ ಬೇಡ. ಎರಡು ಮೇಕೆ ಬೇಕು. ಬದುವಿನ ಸೊಪ್ಪು ಬೇಕು. ನಾಲ್ಕು ಮನೆಯ ಒಗ್ಗಟ್ಟು ಬೇಕು. ಒಂದು ಲೋಟ, ಒಂದು ನೋಟ್ ಪುಸ್ತಕ, ಒಂದು ಪೆನ್ನು ಬೇಕು.

ನಿಮ್ಮ ಊರಲ್ಲಿ ಎಷ್ಟು ಮನೆಯಲ್ಲಿ ಹಾಲು ಕೊಡುವ ಮೇಕೆ ಇದೆ? ಇವತ್ತು ಮನೆಗೆ ಹೋಗುವಾಗ ಕೇಳುತ್ತಾ ಹೋಗಿ. ಹೆಸರು ಬರೆದುಕೊಳ್ಳಿ. ನಾಳೆ ಇಲ್ಲಿ ಓದಿ ಹೇಳಿ. ಮೂರೇ ಮನೆ ಸಿಕ್ಕರೂ ಸಾಕು, ಚೀಟಿ ಶುರು ಮಾಡಬಹುದು.

ಅಟ್ಟದ ಮೇಲಿನ ಕಡಗೋಲು ಇಳಿಸಿ. ಧೂಳು ಒರೆಸಿ, ತೊಳೆದು ಬಿಸಿಲಿಗೆ ಇಡಿ. ನಮ್ಮ ಊರಿಗೂ ಒಂದು ದಿನ ಬನ್ನಿ. ಯಾರದೋ ಸರದಿ ಇದ್ದೇ ಇರುತ್ತದೆ. ಬಿಸಿ ರೊಟ್ಟಿ, ಬೆಣ್ಣೆ ಕೊಡುತ್ತೇವೆ.